ಗಚ್ಚಿಯ ಮೇಲೊಂದು ಖೋ

ಮೊದಲ ವರ್ಷ ಕಾಗೆ ಓಡಿಸುವ ಕೋಲು ನನ್ನ ಪಾಲಿಗೆ ಬಂತು.

1974ರ ಮಾರ್ಚ್ ತಿಂಗಳು. ಮದುವೆಯಾಗಿ ವಿಜಾಪುರದಿಂದ ಪುಣೆಗೆ ಬಂದು ನಾಲ್ಕು ತಿಂಗಳಾಗಿತ್ತು. ನಾರಾಯಣ ಪೇಠೆಯ ಹಳೆಯ ವಾಡೆಯೊಂದರಲ್ಲಿ ನಮ್ಮವು ಎರಡು ಕೋಣೆ. ಕೆಳಗೆ ಕಲ್ಲು ಹಾಸಿದ ಚೌಕ, ಚೌಕದ ಮೂಲೆಯಲ್ಲಿ ಎಲ್ಲರಿಗೂ ಸೇರಿ ಒಂದು ನಳ, ಮೇಲೆ ಎಲ್ಲರಿಗೂ ಸೇರಿ ಒಂದು ಗಚ್ಚಿ. ಬೇಸಿಗೆ ಬಂತೆಂದರೆ ಆ ಗಚ್ಚಿ ಹೆಂಗಸರದು. ಹಳೆಯ ಧೋತರ, ಹಳೆಯ ಸೀರೆಗಳನ್ನು ಸಾಲಾಗಿ ಹಾಸಿ ಕುರಡಿಗಿ, ಸಂಡಿಗೆ, ಹಪ್ಪಳ ಒಣಹಾಕಿದರೆ ಸಂಜೆಯ ತನಕ ಯಾರಾದರೂ ಕಾಯಲೇಬೇಕು. ಹೊಸದಾಗಿ ಬಂದವರ ಕೈಗೆ ಕೋಲು, ಪಳಗಿದವರ ಕೈಗೆ ಒರಳು. ಇದು ಕಾಕು ಹಾಕಿದ ನಿಯಮ.

ಕಾಕು ಅಕ್ಕಲಕೋಟದ ಮನೆಮಗಳು. ಪುಣೆ ಸೇರಿ ಮೂವತ್ತು ವರ್ಷವಾದರೂ ಕನ್ನಡ ಬಿಟ್ಟಿರಲಿಲ್ಲ. ನಾನು ಬಂದ ಮೂರನೆಯ ದಿನ ಮೆಟ್ಟಿಲ ಮೇಲೆ ಕೊಡ ಇಳಿಸಿ ಸುಧಾರಿಸಿಕೊಳ್ಳುತ್ತಿದ್ದಾಗ ಹಿಂದಿನಿಂದ ಬಂದು, “ಯಾವೂರವಾ ನಿಂದು?” ಎಂದು ಕೇಳಿದರು. ಆ ಒಂದು ಮಾತಿಗೆ ನನ್ನ ಕಣ್ಣು ತುಂಬಿಬಂತು. ಮರಾಠಿ ನನಗೆ ತಿಳಿಯುತ್ತಿತ್ತು, ಆಡಲು ನಾಲಿಗೆ ಏಳುತ್ತಿರಲಿಲ್ಲ. ಆದರೆ ಕಾಕು, ಮಾವಶಿ, ವೈನಿ ಎಂಬ ಕರೆಗಳೆಲ್ಲ ನಮ್ಮ ಕಡೆಯ ಮನೆಗಳಲ್ಲೂ ಇದ್ದವೇ. ಹಾಗೆ ಕರೆಯುತ್ತ ಕರೆಯುತ್ತಲೇ ಆ ಊರು ನನಗೆ ಹತ್ತಿರವಾಯಿತು.

ಕುರಡಿಗಿ ಒಂದು ದಿನದ ಕೆಲಸವಲ್ಲ. ಗೋಧಿಯನ್ನು ಮೂರು ದಿನ ನೆನೆಹಾಕಿ, ದಿನಕ್ಕೊಮ್ಮೆ ನೀರು ಬದಲಿಸಬೇಕು. ಆಮೇಲೆ ರುಬ್ಬಿ, ಹಿಂಡಿ, ಹಾಲು ತೆಗೆದು, ರಾತ್ರಿಯಿಡೀ ತಿಳಿಯಲು ಬಿಡಬೇಕು. ನಸುಕಿನಲ್ಲಿ ಮೇಲಿನ ನೀರು ಚೆಲ್ಲಿ, ತಳದ ಗಟ್ಟಿ ಹಾಲನ್ನು ಕುದಿಯುವ ನೀರಿಗೆ ಸುರಿದು, ಗಂಟಾಗದಂತೆ ತಿರುವುತ್ತಲೇ ಇರಬೇಕು. ಬೆಂದ ಆ ಹಿಟ್ಟಿಗೆ ಅಲ್ಲಿ ಚೀಕ ಎನ್ನುತ್ತಾರೆ. ಬಿಸಿ ಚೀಕಕ್ಕೆ ಹಾಲು ಸಕ್ಕರೆ ಹಾಕಿಸಿಕೊಳ್ಳಲು ವಾಡೆಯ ಮಕ್ಕಳೆಲ್ಲ ಬಟ್ಟಲು ಹಿಡಿದು ನಿಲ್ಲುತ್ತಿದ್ದರು. ಬಿಸಿ ಇರುವಾಗಲೇ ಒತ್ತಬೇಕು. ಆರಿದರೆ ಎಳೆ ಹರಿಯುತ್ತದೆ. ಸೂರ್ಯ ಮೇಲೇರುವ ಹೊತ್ತಿಗೆ ಬಿಳಿಯ ಗೂಡುಗಳಂತೆ ಕುರಡಿಗಿಗಳು ಗಚ್ಚಿಯ ತುಂಬ ಕುಳಿತಿರುತ್ತಿದ್ದವು. ಆಮೇಲೆ ಮಾತಿಗೆ ಹೊತ್ತು.

ನಾವು ನಾಲ್ವರು. ಕಾಕು, ನಾನು, ಮೇಲಿನ ಮನೆಯ ಗದಗಿನ ವೈನಿ, ಪಕ್ಕದ ಓಣಿಯಿಂದ ಬರುತ್ತಿದ್ದ ಕುಂದಾಪುರದ ಗೆಳತಿ. ಕುಂದಾಪುರದವಳ ಯಜಮಾನರು ಫರ್ಗ್ಯುಸನ್ ಕಾಲೇಜು ರಸ್ತೆಯ ಉಡುಪಿ ಹೋಟೆಲೊಂದರಲ್ಲಿ ಗಲ್ಲೆಯ ಮೇಲೆ ಕೂಡುತ್ತಿದ್ದರು. ಅವಳು ಊರಿಂದ ಬರುವಾಗ ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಉಪ್ಪು ಸೊಳೆ ತರುತ್ತಿದ್ದಳು. ಹಸಿ ಹಲಸಿನ ತೊಳೆಯನ್ನು ಉಪ್ಪಿನಲ್ಲಿ ಹಾಕಿ ತಿಂಗಳುಗಟ್ಟಲೆ ಇಡಬಹುದೆಂದು ಬಯಲುಸೀಮೆಯ ನಮಗೆ ಗೊತ್ತೇ ಇರಲಿಲ್ಲ.

ಆ ಮೊದಲ ಬೇಸಿಗೆಯಲ್ಲೇ ಬೆಂಗಳೂರಿನಲ್ಲಿ ಕರ್ನಾಟಕಕ್ಕೂ ಮುಂಬಯಿಗೂ ರಣಜಿ ಸೆಮಿಫೈನಲ್ ನಡೆಯಿತು. ಮುಂಬಯಿ ಹದಿನೈದು ವರ್ಷ ಒಂದೇ ಸಮನೆ ಕಪ್ ಗೆದ್ದುಕೊಂಡು ಬಂದಿದ್ದ ತಂಡ. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106 ಹೊಡೆದರು. ಪ್ರಸನ್ನ ಅವರ ಚೆಂಡು ಗಾವಸ್ಕರರ ವಿಕೆಟ್ ಕೆಡವಿತು. ನಾಯಕ ವಾಡೇಕರ್ ಓಡುವಾಗ ಕಾಲು ಜಾರಿ ರನೌಟ್ ಆದರು. ಮುಂಬಯಿ ಹೊರಬಿತ್ತು, ಮುಂದೆ ಕರ್ನಾಟಕ ರಾಜಸ್ಥಾನವನ್ನೂ ಸೋಲಿಸಿ ಮೊದಲ ಬಾರಿ ಕಪ್ ಎತ್ತಿತು. ಮುಂಬಯಿ ಸೋತ ಸುದ್ದಿಯನ್ನು ಗಚ್ಚಿಗೆ ತಂದವರು ಕಾಕು. ಅವರಿಗೆ ಬೇಸರವಾಗಿರಬಹುದೆಂದು ನಾನು ಸುಮ್ಮನಿದ್ದೆ. “ಮುಂಬಯಿ ಬ್ಯಾರೆ, ನಮ್ಮ ಮಹಾರಾಷ್ಟ್ರ ಟೀಮ್ ಬ್ಯಾರೆ. ನಿಮ್ಮವರು ಗೆದ್ದಾರ, ತಗೋ,” ಎಂದು ನನ್ನ ಬಟ್ಟಲಿಗೆ ಇನ್ನೊಂದು ಸೌಟು ಚೀಕ ಹಾಕಿದರು.

ಕಾಕು ಕ್ರಿಕೆಟ್ ಕಲಿತದ್ದು ಕಿವಿಯಿಂದ. ಬಾಳ ಪಂಡಿತರ ಮರಾಠಿ ವೀಕ್ಷಕ ವಿವರಣೆ ಕೇಳಿ ಕೇಳಿ, ಮೈದಾನವನ್ನೇ ನೋಡದ ಆ ಹೆಂಗಸು ಸ್ಲಿಪ್ ಎಲ್ಲಿ, ಗಲ್ಲಿ ಎಲ್ಲಿ ಎಂದು ಹಪ್ಪಳಗಳನ್ನು ಇಟ್ಟು ತೋರಿಸುತ್ತಿದ್ದರು. ಅವರ ಯಜಮಾನರು 1948ರ ಡಿಸೆಂಬರಿನಲ್ಲಿ ಪೂನಾ ಕ್ಲಬ್ ಮೈದಾನದಲ್ಲಿ ಭಾವುಸಾಹೇಬ ನಿಂಬಾಳ್ಕರರ ಆಟವನ್ನು ಕಣ್ಣಾರೆ ಕಂಡವರು. ನಿಂಬಾಳ್ಕರ್ 443 ರನ್ ಹೊಡೆದು ಔಟಾಗದೆ ನಿಂತಿದ್ದಾಗ ಎದುರಾಳಿ ಕಾಠಿಯಾವಾಡ ತಂಡ ಪಂದ್ಯ ಬಿಟ್ಟುಕೊಟ್ಟು ಹೊರಟುಬಿಟ್ಟಿತು. ಬ್ರಾಡ್ಮನ್ನರ ಅಂದಿನ ವಿಶ್ವದಾಖಲೆ 452ನ್ನು ಸರಿಗಟ್ಟಲು ಬಾಕಿ ಇದ್ದದ್ದು ಒಂಬತ್ತೇ ರನ್. ಇಪ್ಪತ್ತಾರು ವರ್ಷದ ಮೇಲೂ ಕಾಕು ಆ ಒಂಬತ್ತು ರನ್ನುಗಳನ್ನು ತಮ್ಮ ಮನೆಯಿಂದಲೇ ಯಾರೋ ಕದ್ದೊಯ್ದಂತೆ ಹೇಳುತ್ತಿದ್ದರು.

ಹೇಳಿ ಮುಗಿಸಿ ನನ್ನ ಕಡೆ ತಿರುಗಿ ಕೇಳಿದರು: “ನಿನ್ನ ಆಟ ಯಾವುದವಾ?”

ಅಲ್ಲಿಯವರೆಗೆ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಹೆಣ್ಣು ನೋಡಲು ಬಂದವರು ಹಾಡಲು ಬರುತ್ತದೆಯೇ, ಹೊಲಿಗೆ ಬರುತ್ತದೆಯೇ ಎಂದು ಕೇಳಿದ್ದರು. “ಕವಡಿ ಹಾಕಿ ಚೌಕಾಬಾರ ಆಡತಿದ್ದೆ,” ಎಂದೆ. “ಅದೂ ಆಟಾನ. ಮಧ್ಯಾಹ್ನ ಕವಡಿ ತಗೊಂಡ ಬಾ,” ಎಂದರು. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಪುಣೆಯ ಅಂಗಡಿಗಳೇ ಬಾಗಿಲು ಹಾಕುತ್ತಿದ್ದ ಕಾಲ. ಮೆಟ್ಟಿಲ ನೆರಳಲ್ಲಿ ಚೌಕಾಬಾರದ ಮನೆ ಗೀಚಿ ನಾವು ನಾಲ್ವರು ಆಡಿದ ಮಧ್ಯಾಹ್ನಗಳಿಗೆ ಲೆಕ್ಕವಿಲ್ಲ.

ಗದಗಿನ ವೈನಿ ಮಾತು ಕಡಿಮೆ. ತನ್ನ ಆಟ ಯಾವುದೆಂದು ಆಕೆ ಹೇಳಿದ್ದು ಎರಡನೆಯ ಬೇಸಿಗೆಯಲ್ಲಿ, ಅದೂ ನಾವಾಗಿ ಕೇಳಿದಾಗ. ಶಾಲೆಯಲ್ಲಿ ಖೋ ಖೋ ತಂಡದ ನಾಯಕಿಯಾಗಿದ್ದಳಂತೆ. ಮೆಟ್ರಿಕ್ ಮುಗಿಯಿತು, ಮದುವೆಯಾಯಿತು, ಆಟ ಅಲ್ಲಿಗೆ ನಿಂತಿತು. “ಇಲ್ಲೇ ಲಕಡಿ ಪೂಲು ದಾಟಿದರೆ ಡೆಕ್ಕನ್ ಜಿಮಖಾನಾ. ಖೋ ಖೋ ಆಟಕ್ಕ ನಿಯಮ ಬರೆದದ್ದ ಅಲ್ಲೇ, ಗೊತ್ತೇನು?” ಎಂದರು ಕಾಕು. ವೈನಿಗೆ ಗೊತ್ತಿತ್ತು. ಬಂದ ಹೊಸದರಲ್ಲೇ ಯಜಮಾನರನ್ನು ಕರೆದುಕೊಂಡು ಹೋಗಿ ಹೊರಗಿನಿಂದ ನೋಡಿ ಬಂದಿದ್ದಳು. ಒಳಗೆ ಹೋಗಲು ಸಂಕೋಚ.

ಅಂದು ಏನಾಯಿತೋ, ಕಾಕು ಎದ್ದು ನಿಂತು ಮಕ್ಕಳನ್ನೂ ನಮ್ಮನ್ನೂ ಹಾಸಿದ ಧೋತರಗಳ ನಡುವಿನ ಖಾಲಿ ಸಾಲಿನಲ್ಲಿ ಕೂಡಿಸಿದರು. ಒಬ್ಬರ ಮುಖ ನದಿಯ ಕಡೆ, ಪಕ್ಕದವರ ಮುಖ ಪೇಠೆಯ ಕಡೆ. ಎಂಟು ಜನ ಬೇಕು. ನಾವು ಮೂವರು, ಮಕ್ಕಳು ಐವರು. ಅಟ್ಟಲು ವಾಡೆಯ ಮಾಲೀಕರ ಮಗಳು. ವೈನಿ ಸೀರೆಯನ್ನು ಕಚ್ಚೆ ಹಾಕಿ ಬಿಗಿದಳು. ಅಟ್ಟುವವಳು ಸಾಲು ದಾಟುವಂತಿಲ್ಲ, ಹೊರಟ ದಿಕ್ಕು ಬಿಟ್ಟು ಹಿಂದಿರುಗುವಂತಿಲ್ಲ. ಕುಳಿತವಳ ಬೆನ್ನು ಮುಟ್ಟಿ ಖೋ ಎಂದರೆ ಅವಳು ಏಳಬೇಕು. ಓಡುವವಳಿಗೆ ಮಾತ್ರ ಸಾಲು ಬಾಗಿಲಿದ್ದಂತೆ, ಎಲ್ಲಿ ಬೇಕಾದರೂ ನುಸುಳಬಹುದು. ವೈನಿ ನುಸುಳಿದಳು. ನಮ್ಮ ಭುಜದ ಪಕ್ಕದಲ್ಲಿ ಗಾಳಿ ಹೋದಂತೆ ಹೋದಳು. ಎರಡೂ ಕಡೆ ಮೊಳದ ದೂರದಲ್ಲಿ ಕುರಡಿಗಿ ಒಣಗುತ್ತಿತ್ತು. ಒಬ್ಬರಾದ ಮೇಲೊಬ್ಬರು ಖೋ ಕೊಟ್ಟುಕೊಂಡು ಎದ್ದೆವು, ಒಂಬತ್ತು ಗಜದ ಸೀರೆಯುಟ್ಟ ಕಾಕುವೂ ಎದ್ದರು. ಯಾರ ಕೈಗೂ ವೈನಿಯ ಸೆರಗು ಸಿಗಲಿಲ್ಲ. ಕೊನೆಗೆ ತಾನೇ ನಿಂತು, ಮೊಣಕಾಲ ಮೇಲೆ ಕೈಯೂರಿ, ಏದುಸಿರು ಬಿಡುತ್ತ ನಕ್ಕಳು. ಆಕೆ ಹಾಗೆ ನಕ್ಕದ್ದನ್ನು ನಾವು ನೋಡಿದ್ದು ಅದೇ ಮೊದಲು. ಒಂದು ಕುರಡಿಗಿಯೂ ಮುರಿದಿರಲಿಲ್ಲ.

ಕಾಳು ಕಡಿಯ ವಿಷಯದಲ್ಲಿ ಕಾಕು ಆಟದಷ್ಟು ಸಡಿಲವಾಗಿರಲಿಲ್ಲ. ಜೋಳ, ಗೋಧಿ ಬಿಸಿಲಿಗೆ ಹಾಕಿದ ದಿನವೇ ಡಬ್ಬಕ್ಕೆ ತುಂಬಲು ಬಿಡುತ್ತಿರಲಿಲ್ಲ. “ಬಿಸಿ ಕಾಳು ತುಂಬಬ್ಯಾಡ, ಒಳಗ ಬೆವರತಾವ,” ಎನ್ನುವರು. ಒಂದು ರಾತ್ರಿ ಆರಬೇಕು, ಆಮೇಲೆ ನೆರಳಲ್ಲಿ ಒಣಗಿಸಿದ ಬೇವಿನೆಲೆಯೊಂದಿಗೆ ತುಂಬಬೇಕು. ತೊಗರಿಬೇಳೆಗೆ ಹರಳೆಣ್ಣೆ ಸವರಬೇಕು. ಹುಣಸೆಹಣ್ಣಿನ ಬೀಜ ತೆಗೆದು ಉಪ್ಪು ಬೆರೆಸಿ ಉಂಡೆ ಕಟ್ಟಬೇಕು. ಕುಟ್ಟಿಸಿ ತಂದ ಖಾರದ ಪುಡಿಯ ನಡುವೆ ಇಂಗಿನ ಹರಳು ಹುಗಿದಿಡಬೇಕು. ನನ್ನ ಮೊದಲ ವರ್ಷದ ಮಾವಿನಕಾಯಿ ಉಪ್ಪಿನಕಾಯಿಗೆ ಬೂಸು ಬಂದಾಗ ನಾನು ಅತ್ತೇಬಿಟ್ಟಿದ್ದೆ. ಕಾಕು ಬೈಯಲಿಲ್ಲ. ಭರಣಿಯನ್ನು ಎತ್ತಿ ನೋಡಿ, ಹೋಳು ಎಣ್ಣೆಯ ಮೇಲೆ ತೇಲಿದ್ದನ್ನು ತೋರಿಸಿದರು. ಎಣ್ಣೆ ಹೋಳಿನ ಮೇಲೆ ಬೆರಳಗಲ ನಿಂತಿರಬೇಕು, ಗಾಳಿ ತಾಗಿದ ಹೋಳು ಕೆಡುತ್ತದೆ. ಮುಂದಿನ ವರ್ಷ ನನ್ನ ಭರಣಿಗೆ ಬಾಯಿಬಟ್ಟೆ ಕಟ್ಟಿದವರು ಅವರೇ.

ಆ ಕಟ್ಟುನಿಟ್ಟಿಗೆ ಕಾರಣ ಒಂದು ಸಂಜೆ ತಿಳಿಯಿತು. 1961ರ ಜುಲೈ 12ರಂದು ಕಟ್ಟುತ್ತಿದ್ದ ಪಾನಶೇತ ಅಣೆಕಟ್ಟೆ ಒಡೆಯಿತು, ಅದರ ನೀರಿಗೆ ಖಡಕವಾಸಲೆಯ ಹಳೆಯ ಕಟ್ಟೆಯೂ ಒಡೆಯಿತು. ಮುಠಾ ನದಿ ಪೇಠೆಗಳಿಗೆ ನುಗ್ಗಿತು. ಆಗ ಕಾಕು ವಾಡೆಯ ಕೆಳಗಿನ ಮನೆಯಲ್ಲಿದ್ದರು. ವರ್ಷಕ್ಕಾಗುವಷ್ಟು ಕಾಳು ಬೇಸಿಗೆಯಲ್ಲೇ ಕೊಠಿಗೆ ತುಂಬಿಟ್ಟಿದ್ದರು. ಮಕ್ಕಳನ್ನು ಕರೆದುಕೊಂಡು ಎತ್ತರದ ಕಡೆ ಓಡಿದರು. ನೀರು ಇಳಿದ ಮೇಲೆ ಬಂದು ನೋಡಿದರೆ ಗೋಡೆಗೆಲ್ಲ ಕೆಸರು, ಕೊಠಿಯೊಳಗೆ ಮೊಳಕೆಯೊಡೆದು ನಾರುತ್ತಿದ್ದ ಜೋಳ. ಆಮೇಲೆ ಅವರು ಮೇಲಿನ ಮನೆಗೆ ಬದಲಾದರು, ಕೆಳಗೆ ಒಂದು ಸೇರು ಕಾಳನ್ನೂ ಇಡಲಿಲ್ಲ. ಚೌಕದ ಕಂಬದ ಮೇಲೆ ನೀರು ನಿಂತ ಗುರುತು ನಾನು ಹೋದಾಗಲೂ ಕಾಣುತ್ತಿತ್ತು. ಅದನ್ನು ಬಳಿಯಲು ಕಾಕು ಯಾರಿಗೂ ಬಿಟ್ಟಿರಲಿಲ್ಲ.

ನಮ್ಮ ಜೋಳ ವಿಜಾಪುರದಿಂದಲೇ ಬರಬೇಕು. ಸೋಲಾಪುರದಲ್ಲಿ ಗಾಡಿ ಬದಲಿಸುವಾಗ ನನ್ನ ತಮ್ಮ ಚೀಲ ಹೊತ್ತು ಒಂದು ಪ್ಲಾಟ್‌ಫಾರ್ಮಿನಿಂದ ಇನ್ನೊಂದಕ್ಕೆ ಓಡುತ್ತಿದ್ದ. ವೈನಿಯ ಬ್ಯಾಡಗಿ ಮೆಣಸಿನಕಾಯಿ ಮಿರಜಿನಲ್ಲಿ ಗಾಡಿ ಬದಲಿಸಿ ಬರುತ್ತಿತ್ತು. ಬಂದ ದಿನವೇ ನಾಲ್ಕು ಮನೆಗೂ ಪಾಲು.

ಕುಂದಾಪುರದವಳ ಆಟ ಬ್ಯಾಡ್ಮಿಂಟನ್. ಬ್ರಿಟಿಷ್ ಸೇನೆಯವರು ಒಂದು ಕಾಲಕ್ಕೆ ಆ ಆಟಕ್ಕೆ ಪೂನಾ ಎಂದೇ ಹೆಸರಿಟ್ಟಿದ್ದರು. ನಂದು ನಾಟೇಕರ್ ನಮ್ಮವರು ಎಂದು ಕಾಕು ಅವಳನ್ನು ಕೆಣಕುತ್ತಿದ್ದರು. 1956ರಲ್ಲಿ ವಿದೇಶದಲ್ಲಿ ಪ್ರಶಸ್ತಿ ಗೆದ್ದು ಬಂದ ಮೊದಲ ಭಾರತೀಯ ನಾಟೇಕರ್, ಸಾಂಗಲಿಯವರು. ಇವಳಿಗೆ ಉತ್ತರ ಸಿಕ್ಕಿದ್ದು 1980ರ ಮಾರ್ಚಿನಲ್ಲಿ. ಪ್ರಕಾಶ್ ಪಡುಕೋಣೆ ಇಂಡೋನೇಷ್ಯಾದ ಲಿಯೆಮ್ ಸ್ವೀ ಕಿಂಗ್ ಅವರನ್ನು ಎರಡೇ ಗೇಮುಗಳಲ್ಲಿ ಸೋಲಿಸಿ ಆಲ್ ಇಂಗ್ಲೆಂಡ್ ಗೆದ್ದರು. ಅದು ಮತ್ತೆ ಸಂಡಿಗೆಯ ಕಾಲವೇ. ಅವಳು ಮೆಟ್ಟಿಲು ಹತ್ತುತ್ತಲೇ ಕೂಗಿದಳು, “ಪಡುಕೋಣೆ ಅಂದ್ರೆ ನಮ್ಮೂರ ಹತ್ರದ್ದೇ ಮಾರಾಯ್ತಿ!” ಬೆಂಗಳೂರಿನ ಕೆನರಾ ಯೂನಿಯನ್ನಿನ ಮದುವೆ ಹಾಲಿನಲ್ಲಿ, ಮದುವೆ ಇಲ್ಲದ ದಿನಗಳಲ್ಲಿ ಆಡಿ ಬೆಳೆದ ಹುಡುಗ ಎಂದು ಹೇಳುತ್ತ ಅವಳ ಗಂಟಲು ಕಟ್ಟಿತು. ಅಂದು ಕಾಕು ನಾಟೇಕರರ ಹೆಸರೆತ್ತಲಿಲ್ಲ.

1984ರ ಡಿಸೆಂಬರ್ 5ರಂದು ನೆಹರೂ ಸ್ಟೇಡಿಯಮ್ಮಿನಲ್ಲಿ ಭಾರತ ಮತ್ತು ಇಂಗ್ಲೆಂಡ್ ಒಂದು ದಿನದ ಪಂದ್ಯ. ಪುಣೆಯಲ್ಲಿ ಅಂಥದ್ದು ಅದೇ ಮೊದಲು. ಕಾಕು ಅವರ ಮಗ ಟಿಕೆಟು ತಂದ. ನಾವು ನಾಲ್ವರೂ ಹೋದೆವು. ಡಬ್ಬದಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ, ಶೇಂಗಾ ಹೋಳಿಗೆ. ಬಿಸಿಲಿಗೂ ಹೊತ್ತಿಗೂ ಕೆಡದ ತಿಂಡಿ. ಭೋಪಾಲದ ವಿಷಾನಿಲ ದುರಂತದ ಸುದ್ದಿ ಬಂದ ವಾರವದು, ಆಟ ಶುರುವಾಗುವ ತನಕ ಸುತ್ತಲಿನವರ ಬಾಯಲ್ಲಿ ಅದೇ ಮಾತು. ವೆಂಗಸರ್ಕಾರ್ 105 ಹೊಡೆದರು. ಆದರೆ ಗ್ಯಾಟಿಂಗ್ 115 ಹೊಡೆದು ಔಟಾಗದೆ ಇಂಗ್ಲೆಂಡನ್ನು ಗೆಲ್ಲಿಸಿದರು. ಕಾಕು ಸೋಲನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ನಲವತ್ತು ವರ್ಷ ಕಿವಿಯಲ್ಲಿ ಕಂಡದ್ದನ್ನು ಅಂದು ಕಣ್ಣಲ್ಲಿ ಕಂಡರು. ಹಿಂದಿರುಗುವಾಗ ನನ್ನ ಕೈ ಹಿಡಿದು, “ಮೈದಾನ ಇಷ್ಟು ಹಸರ ಇರತದಂತ ರೇಡಿಯೋದಾಗ ಯಾರೂ ಹೇಳಿರಲಿಲ್ಲ,” ಎಂದರು.

ವಾಡೆ ಈಗ ಇಲ್ಲ. ಆ ಜಾಗದಲ್ಲಿ ಐದು ಅಂತಸ್ತಿನ ಕಟ್ಟಡವಿದೆ. ಕಾಕು ತೀರಿಕೊಂಡು ಬಹಳ ವರ್ಷಗಳಾದವು. ಅವರ ಸೊಸೆ ನನಗೆ ಕೊಟ್ಟ ಭರಣಿಯಲ್ಲಿ ಈ ವರ್ಷವೂ ಉಪ್ಪಿನಕಾಯಿ ಹಾಕಿದ್ದೇನೆ. ಕುಂದಾಪುರದ ಗೆಳತಿ ಕೋಥರೂಡಿನಲ್ಲಿದ್ದಾಳೆ, ತಿಂಗಳಿಗೊಮ್ಮೆ ಸೇರುತ್ತೇವೆ. ಗದಗಿನ ವೈನಿ ಈಗ ಹುಬ್ಬಳ್ಳಿಯಲ್ಲಿ ಮಗನ ಮನೆಯಲ್ಲಿ. ಮೊನ್ನೆ ಫೋನಿನಲ್ಲಿ ಆ ಗಚ್ಚಿಯ ಓಟ ನೆನಪಿಸಿದಾಗ, ಪಕ್ಕದಲ್ಲಿದ್ದ ಆಕೆಯ ಮೊಮ್ಮಗಳು “ಅಜ್ಜಿ ಖೋ ಖೋ ಆಡತಿದ್ಲಾ?” ಎಂದು ಕೇಳಿದ್ದು ನನಗೆ ಕೇಳಿಸಿತು. ಅರವತ್ತು ವರ್ಷದಲ್ಲಿ ಆ ಮನೆಯವರಿಗೆ ಅದು ತಿಳಿದೇ ಇರಲಿಲ್ಲ.

ನಿಮ್ಮ ಮನೆಯಲ್ಲೂ ಅಜ್ಜಿಯೋ ಅಮ್ಮನೋ ಅತ್ತೆಯೋ ಇದ್ದರೆ, ಉಪ್ಪಿನಕಾಯಿಯ ಹದ ಕೇಳುವಾಗ ಅವರ ಆಟ ಯಾವುದಿತ್ತೆಂದೂ ಒಮ್ಮೆ ಕೇಳಿ.