ನಾಲ್ಕೆಸಳಿನ ಬೆನ್ನು ಹತ್ತಿ

ಟಿಕೋಟಾದ ಗೆಳೆಯ ಕಳಿಸಿದ ಫೋಟೊದಲ್ಲಿ ಗರಸು ನೆಲ, ಒಣಹುಲ್ಲು, ನಾಲ್ಕೆಸಳಿನ ಹಳದಿ ಹೂ. ಮೊಬೈಲಿನ ಆ್ಯಪ್ ಅದನ್ನು ‘ಈವ್ನಿಂಗ್ ಪ್ರಿಮ್‌ರೋಸ್’ ಅಂದಿತ್ತಂತೆ. ಅದು ಅಮೆರಿಕ ಖಂಡದ ಕುಲ. ಹಲವು ಜಾತಿಗಳಿಗೆ ಮರಳು ಮಿಶ್ರಿತ ಹುಲ್ಲುಗಾವಲೇ ತವರು. ಸಂಜೆ ಅರಳಿ ಪತಂಗಗಳನ್ನು ಕರೆಯುವ ಹೂವಿಗೆ ಜೋಳದ ನಾಡಿನಲ್ಲೇನು ಕೆಲಸ? ಹಾಗೆಂದು ತಳ್ಳಿಹಾಕುವಂತೆಯೂ ಇರಲಿಲ್ಲ. ಹಾಲೆಂಡಿನ ಹಾಳುಬಿದ್ದ ಆಲೂಗಡ್ಡೆ ಹೊಲವೊಂದನ್ನು ಹೊಕ್ಕಿದ್ದ ಇದೇ ಕುಲದ ಗಿಡಗಳನ್ನು 1886ರಲ್ಲಿ ಕಂಡೇ ಸಸ್ಯವಿಜ್ಞಾನಿ ಹ್ಯೂಗೊ ಡಿ ವ್ರೀಸ್ ತನ್ನ ಮ್ಯುಟೇಶನ್ ಸಿದ್ಧಾಂತದ ದಾರಿ ಹಿಡಿದದ್ದು.

ನವರಾತ್ರಿ ಮುಗಿದ ಮೇಲೆ ವಿಜಯಪುರದಲ್ಲಿ ಅಥಣಿ ರಸ್ತೆಯ ಬಸ್ ಹತ್ತಿದೆ. ಟಿಕೋಟಾದಲ್ಲಿ ದ್ರಾಕ್ಷಿ ಬಳ್ಳಿ ಸವರುವ ಚಾಟ್ನಿಯ ಗದ್ದಲ. “ಹೂ ಎಲ್ಲಿ ಓಡಿ ಹೊಕ್ಕೈತೋ ಮಾರಾಯಾ, ಮೊದ್ಲ ಚಾ ಕುಡಿ” ಅಂದ ಗೆಳೆಯ.

ಗಿಡ ದ್ರಾಕ್ಷಿ ಪಡದ ಬದುವಿನಾಚೆ ನಿಂತಿತ್ತು. ಮುಟ್ಟಿದರೆ ಬೆರಳಿಗೆ ಅಂಟು, ಮೂಗಿಗೆ ಗಾಟು: ನಾಯಿ ಸಾಸಿವೆ! ಎಸಳು ನಾಲ್ಕೇ, ಆದರೆ ಕೇಸರಗಳು ಎಂಟಕ್ಕಿಂತ ಹೆಚ್ಚು, ಅಂಡಾಶಯ ಎಸಳುಗಳಿಗಿಂತ ಮೇಲೆ. ಪ್ರಿಮ್‌ರೋಸಿನಲ್ಲಿ ಕೇಸರ ಎಂಟು, ಅಂಡಾಶಯ ಎಸಳಿನ ಬುಡಕ್ಕಿಂತ ಕೆಳಗೆ. ಎಲ್ಲರೂ ಹೂವನ್ನು ಮೇಲಿನಿಂದಲೇ ಫೋಟೊ ಹೊಡೆಯುತ್ತಾರೆ. ಗುರುತು ಇರುವುದು ಕೆಳಗೆ.

ಬಂದದ್ದು ಬಂದಾಗಿತ್ತು. ಬಬಲೇಶ್ವರ ದಾಟಿ ಮಮದಾಪುರದ ಕೆರೆಗೆ ಹೋದೆ. ಗೋಳಗುಮ್ಮಟದಲ್ಲಿ ಮಲಗಿರುವ ಮುಹಮ್ಮದ್ ಆದಿಲ್ ಶಾಹನ ಕಾಲದ ಕೆರೆ. ಈಗ ಕೃಷ್ಣೆಯ ನೀರು ಬರುತ್ತದೆ. ಅಂಚಿನ ಕೆಸರಿನಲ್ಲಿ ಸೊಂಟದೆತ್ತರದ ಗಿಡ, ಮತ್ತೆ ನಾಲ್ಕು ಹಳದಿ ಎಸಳು. ಈ ಸಲ ಕೇಸರ ಸರಿಯಾಗಿ ಎಂಟು. ಎಸಳಿನ ಕೆಳಗೆ ತೊಟ್ಟಿನಂತೆ ಕಾಣುವುದೇ ಅಂಡಾಶಯ. ಬಲಿತ ಕಾಯಿಯ ನೆತ್ತಿಯಲ್ಲಿ ನಾಲ್ಕು ಹಸಿರು ಪುಷ್ಪಪತ್ರಗಳು ಉದುರದೆ ಉಳಿದಿದ್ದವು. ಲುಡ್ವಿಜಿಯಾ ಆಕ್ಟೋವಾಲ್ವಿಸ್, ಪ್ರಿಮ್‌ರೋಸಿನ ಕುಟುಂಬದ್ದೇ. ಮರಳಿನಲ್ಲಿ ಹುಡುಕಿದ ಬಳಗ ಕೆಸರಿನಲ್ಲಿ ಸಿಕ್ಕಿತು. ಸಿಗಿದ ಕಾಯಿಯಿಂದ ಧೂಳಿನಂಥ ಬೀಜ ಉದುರಿತು.

ಎಮ್ಮೆ ಮೈತೊಳೆಸುತ್ತಿದ್ದವರೊಬ್ಬರು ಬಂದರು. “ಏನ್ ಹುಡಕಾಕತ್ತೀರಿ ಸರ, ಬಂಗಾರ ಬಿದ್ದೈತೇನು?”

“ಇದರ ಬಳಗದ ಹೂ ಸಂಜಿಗೆ ಅರಳ್ತಾವ್ರಿ. ಇದು ಹಗಲಿಗೇ ಅರಳ್ತದ.”

“ಇದಕ್ಕ ಹಗಲ ಪಾಳಿ ಅನ್ರಿ” ಎಂದು ನಕ್ಕರು. “ನಮ್ಮ ಪಂಪಸೆಟ್ಟಿಗಿ ಅಷ್ಟ ಕರೆಂಟು ರಾತ್ರಿ ಪಾಳಿ ಕೊಡ್ತಾರ ನೋಡ್ರಿ.”