ದಿಂಬಂ ಘಟ್ಟದಲ್ಲಿ ಕನ್ನಡಿಯ ದೀಪ

ಚಾಮರಾಜನಗರದಿಂದ ದಕ್ಷಿಣಕ್ಕೆ ಸಾಗುವ 948ನೆಯ ರಾಷ್ಟ್ರೀಯ ಹೆದ್ದಾರಿ ಗಡಿಯನ್ನು ದಾಟಿ, ಹಾಸನೂರನ್ನು ಹಾದು ದಿಂಬಂ ಮುಟ್ಟುವವರೆಗೆ ಕಾಡಿನ ನಡುವಣ ಸಾಧಾರಣ ದಾರಿಯಾಗಿಯೇ ಇರುತ್ತದೆ. ಅಲ್ಲಿಂದ ಮುಂದೆ ಬೆಟ್ಟದ ನೆಲ ಥಟ್ಟನೆ ಮುಗಿಯುತ್ತದೆ. ಕೆಳಗೆ ಬಣ್ಣಾರಿ, ಅದರಾಚೆ ಸತ್ಯಮಂಗಲದ ಬಯಲು ಮಂಜಿನ ಮರೆಯಲ್ಲಿ ಹರಡಿಕೊಂಡಿರುತ್ತವೆ. ಆ ಬಯಲಿಗೆ ಇಳಿಯಲು ರಸ್ತೆ 27 ಕಡೆ ಹೊರಳಿ ಹಿಂದಿರುಗುತ್ತದೆ. ಒಂದು ಪಕ್ಕದಲ್ಲಿ ಬಂಡೆ, ಇನ್ನೊಂದು ಪಕ್ಕದಲ್ಲಿ ಮೋಟುಗೋಡೆ, ಗೋಡೆಯಾಚೆ ಮರಗಳ ತುದಿ.

ತಾಳವಾಡಿ ಸೀಮೆಯವರಿಗೆ ಈ ಘಟ್ಟ ದಿನದ ಬದುಕಿನ ಭಾಗ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರು ರಾಜ್ಯವನ್ನು ಸೇರಿತು. ತಾಳವಾಡಿ ಮದರಾಸು ರಾಜ್ಯದಲ್ಲಿಯೇ ಉಳಿಯಿತು. 1979ರಲ್ಲಿ ಈರೋಡು ಪ್ರತ್ಯೇಕ ಜಿಲ್ಲೆಯಾದ ಮೇಲೆ ಜಿಲ್ಲಾ ಕಚೇರಿಯ ದಾರಿಯೂ ಈ ತಿರುವುಗಳ ಮೂಲಕವೇ ಆಯಿತು. ಸಂತೆಗೂ ನೆಂಟಸ್ತಿಕೆಗೂ ಚಾಮರಾಜನಗರ ಹತ್ತಿರ. ಸರಕಾರಿ ಕಾಗದಕ್ಕೆ ಮಾತ್ರ ಘಟ್ಟ ಇಳಿಯಲೇಬೇಕು. ಹೊಲದ ಕೋಸು, ಆಲೂಗಡ್ಡೆ, ಕಬ್ಬು ಇಳಿಯುವುದೂ ಇಲ್ಲಿಯೇ. ಮದರಾಸು ಉಚ್ಚ ನ್ಯಾಯಾಲಯದ ಆದೇಶದಂತೆ 2022ರ ಫೆಬ್ರವರಿಯಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಿದ್ದ ಮೇಲೆ, ಹೊತ್ತು ಮೀರುವ ಮುನ್ನ ಘಟ್ಟ ದಾಟಬೇಕೆಂಬ ಅವಸರವೂ ಹಳೆಯ ಕಷ್ಟಗಳ ಜೊತೆ ಸೇರಿಕೊಂಡಿದೆ.

ಈ ದಾರಿಯಲ್ಲಿ ಈಚೆಗೆ ಓಡಾಡುವ ಹೊಸ ಕಾರುಗಳಲ್ಲಿ, ಪಕ್ಕದ ಕನ್ನಡಿಯ ಅಂಚಿನಲ್ಲಿ ಹಳದಿ ಬಣ್ಣದ ಪುಟ್ಟ ದೀಪವೊಂದು ಬೆಳಗುವುದುಂಟು. ಚಾಲಕನ ಕಣ್ಣಿಗೂ ಕನ್ನಡಿಗೂ ಸಿಗದ ಪಕ್ಕದ ಜಾಗವನ್ನು ಬ್ಲೈಂಡ್ ಸ್ಪಾಟ್ ಎನ್ನುತ್ತಾರೆ. ಅಲ್ಲಿ ಇನ್ನೊಂದು ವಾಹನವಿದೆ ಎಂದು ತಿಳಿಸುವುದೇ ಆ ದೀಪದ ಕೆಲಸ. ಸ್ವೀಡನ್ನಿನ ವೋಲ್ವೊ ಕಂಪನಿ ಈ ಶತಮಾನದ ಮೊದಲ ದಶಕದ ನಡುವಿನಲ್ಲಿ, ಕನ್ನಡಿಯ ಕೆಳಗೆ ಕ್ಯಾಮೆರಾ ಇರಿಸಿ ಇಂಥ ವ್ಯವಸ್ಥೆಯನ್ನು ಕಾರುಗಳಿಗೆ ತಂದಿತು. ಇಂದು ಬಹುಪಾಲು ಕಾರುಗಳಲ್ಲಿ ಆ ಕೆಲಸವನ್ನು ಹಿಂಬದಿಯ ಬಂಪರಿನ ಎರಡು ಮೂಲೆಗಳಲ್ಲಿ ಅಡಗಿರುವ ರಾಡಾರುಗಳು ಮಾಡುತ್ತವೆ. ಅವು ಕಾರಿನ ಎರಡು ಪಕ್ಕಗಳನ್ನೂ, ಹಿಂದಿನ ಕೆಲವು ಮೀಟರುಗಳನ್ನೂ ತಡವಿ ನೋಡುತ್ತವೆ. ದೀಪ ಬೆಳಗಿರುವಾಗಲೇ ಚಾಲಕ ಆ ಪಕ್ಕದ ಇಂಡಿಕೇಟರ್ ಹಾಕಿದರೆ ದೀಪ ಮಿನುಗಿ, ಎಚ್ಚರಿಕೆಯ ಸದ್ದು ಕೇಳಿಸುತ್ತದೆ. ಇನ್ನು ಕೆಲವು ಕಾರುಗಳಲ್ಲಿ ಇಂಡಿಕೇಟರ್ ಹಾಕಿದೊಡನೆ ಪಕ್ಕದ ಕ್ಯಾಮೆರಾದ ಚಿತ್ರ ಮುಂದಿನ ಪರದೆಯ ಮೇಲೆ ಮೂಡುತ್ತದೆ.

ಹಲವು ಸಾಲುಗಳ ನೇರ ಹೆದ್ದಾರಿಯಲ್ಲಿ ಇದು ನಿಜವಾದ ಉಪಕಾರಿ. ಬೆಂಗಳೂರಿನಿಂದ ಹೊಸೂರಿನ ಕಡೆಗೆ ಹೊರಟವನು ಪಕ್ಕದ ಸಾಲಿಗೆ ಸರಿಯುವ ಮುನ್ನ, ಹಿಂದಿನ ಬಾಗಿಲ ಬಳಿ ಮರೆಯಾಗಿ ಬರುತ್ತಿರುವ ಕಾರನ್ನು ದೀಪ ತೋರಿಸಿಕೊಡುತ್ತದೆ. ದಣಿದ ಕಣ್ಣು ತಪ್ಪಿಸಿಕೊಂಡದ್ದನ್ನು ರಾಡಾರು ಹಿಡಿಯುತ್ತದೆ. ಆದರೆ ಅಂಥ ರಸ್ತೆಯ ಲೆಕ್ಕಾಚಾರದಲ್ಲಿಯೇ ಅದು ಹುಟ್ಟಿದ್ದು. ಬಲಕ್ಕೂ ಎಡಕ್ಕೂ ಇನ್ನೊಂದು ಸಾಲು ಇದೆ, ಆ ಸಾಲು ಹೆಚ್ಚುಕಡಿಮೆ ನೇರವಾಗಿದೆ, ಅದರಲ್ಲಿ ವಾಹನಗಳು ಒಂದೇ ದಿಕ್ಕಿನಲ್ಲಿ ಹೋಗುತ್ತಿವೆ ಎಂದು ಅದು ನಂಬಿರುತ್ತದೆ. ದಿಂಬಂ ಘಟ್ಟದಲ್ಲಿ ಈ ಮೂರರಲ್ಲಿ ಒಂದೂ ನಿಲ್ಲದು.

ಮೊದಲನೆಯದು ವೇಗದ ಮಾತು. ಹಲವು ಕಾರುಗಳಲ್ಲಿ ಈ ವ್ಯವಸ್ಥೆ ಗಂಟೆಗೆ 20 ಅಥವಾ 30 ಕಿಲೋಮೀಟರು ದಾಟಿದ ಮೇಲಷ್ಟೇ ಎಚ್ಚರಗೊಳ್ಳುತ್ತದೆ. ಕಡಿದಾದ ತಿರುವನ್ನು ಮೊದಲನೆಯ ಅಥವಾ ಎರಡನೆಯ ಗೇರಿನಲ್ಲಿ ಹೊರಳುವ ಕಾರು ಅಷ್ಟು ವೇಗದಲ್ಲಿ ಇರುವುದೇ ಇಲ್ಲ. ಆಗ ದೀಪ ಆರಿರುವುದಕ್ಕೆ ಪಕ್ಕ ಖಾಲಿ ಇದೆಯೆಂದು ಅರ್ಥವಲ್ಲ. ನೋಡುವವರೇ ಇಲ್ಲ ಎಂದಷ್ಟೇ ಅರ್ಥ. ಎರಡನೆಯದು ತಿರುವಿನ ಮಾತು. ರಸ್ತೆ ಬಾಗಿದಾಗ ಪಕ್ಕದ ಜಾಗವೂ ಬಾಗುತ್ತದೆ, ರಾಡಾರಿನ ನೋಟ ಮಾತ್ರ ಬಂಪರು ತಿರುಗಿದ ಕಡೆಗೇ ಚಾಚಿರುತ್ತದೆ. ಹೀಗಾಗಿ ಹಿಂದೆ ಬರುತ್ತಿರುವ ಬೈಕು ಅದರ ನೋಟದಿಂದ ಜಾರಬಹುದು, ಬಂಡೆಯೋ ಗೋಡೆಯೋ ವಾಹನವೆಂದು ಎಣಿಕೆಯಾಗಿ ದೀಪ ಸುಮ್ಮನೆ ಬೆಳಗಲೂಬಹುದು. ನಾಲ್ಕು ತಿರುವುಗಳಲ್ಲಿ ಹುಸಿ ದೀಪ ಕಂಡ ಚಾಲಕ ಐದನೆಯ ತಿರುವಿನಲ್ಲಿ ನಿಜವಾದುದನ್ನೂ ಕಡೆಗಣಿಸುತ್ತಾನೆ.

ಮೂರನೆಯದು ಕೆಸರಿನ ಮಾತು. ಮಳೆಗಾಲದಲ್ಲಿ ತಾಳವಾಡಿಯ ಹೊಲದ ದಾರಿಗಳನ್ನು ಹಾದು ಬಂದ ಕಾರಿನ ಹಿಂಬದಿ ಪೂರ್ತಿ ಕೆಂಪಾಗಿರುತ್ತದೆ. ಗಟ್ಟಿಯಾಗಿ ಮೆತ್ತಿದ ಮಣ್ಣು, ಚೆಂದಕ್ಕೆ ಅಂಟಿಸಿದ ಸ್ಟಿಕ್ಕರು, ಗೀರು ಬೀಳದಿರಲೆಂದು ಕೂಡಿಸಿದ ಕಬ್ಬಿಣದ ಗಾರ್ಡು ಇವೆಲ್ಲವೂ ರಾಡಾರಿನ ಕಣ್ಣಿಗೆ ಪೊರೆಗಳೇ. ತಗ್ಗಿದ ಬಂಪರನ್ನು ಊರಿನಲ್ಲಿಯೇ ತಟ್ಟಿ, ಪಟ್ಟಿ ಹಚ್ಚಿ, ಬಣ್ಣ ಬಳಿಸಿದರೆ ಒಳಗಿನ ರಾಡಾರಿನ ಕೋನ ಕದಲಿ, ನೋಟ ನೆಲಕ್ಕೋ ಆಕಾಶಕ್ಕೋ ತಿರುಗಿರಬಹುದು. ಹೊರಗೆ ನೋಡುವವರಿಗೆ ಕಾರು ಹೊಸದರಂತೆಯೇ ಇರುತ್ತದೆ.

ಇವೆಲ್ಲಕ್ಕಿಂತ ದೊಡ್ಡ ಮಿತಿ ಬೇರೊಂದಿದೆ. ಕಾರಿನ ದೀಪ ಹೇಳುವುದು ಕಾರಿನ ಮರೆಯಲ್ಲಿ ಯಾರಿದ್ದಾರೆ ಎಂಬುದನ್ನು. ಕಾರೇ ಯಾರ ಮರೆಯಲ್ಲಿದೆ ಎಂಬುದನ್ನು ಅದು ಎಂದೂ ಹೇಳದು. ಸರಕು ತುಂಬಿದ ಉದ್ದನೆಯ ಲಾರಿ ಘಟ್ಟದ ತಿರುವನ್ನು ಹೊರಳಬೇಕಾದರೆ ಮೊದಲು ರಸ್ತೆಯ ಹೊರಮಗ್ಗುಲಿಗೆ ಅಗಲವಾಗಿ ಹೋಗಿ, ಆಮೇಲೆ ಮೂತಿ ತಿರುಗಿಸಬೇಕು. ಮುಂದಿನ ಚಕ್ರ ತುಳಿದ ಹಾದಿಯಲ್ಲಿ ಹಿಂದಿನ ಚಕ್ರ ಬರುವುದಿಲ್ಲ. ಅದು ಒಳಗಡೆಗೆ ಎಳೆದುಕೊಂಡು ಬರುತ್ತದೆ. ಲಾರಿ ಹೊರಕ್ಕೆ ಸರಿದಾಗ ಒಳಮಗ್ಗುಲಲ್ಲಿ ತೆರೆದ ಜಾಗವನ್ನು ಕಂಡು, ದಾರಿ ಬಿಟ್ಟರೆಂದು ನುಗ್ಗುವ ಕಾರು ಆ ಹಿಂದಿನ ಚಕ್ರಗಳಿಗೂ ಬಂಡೆಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಎತ್ತರದ ಕ್ಯಾಬಿನ್ನಿನಲ್ಲಿ ಬಲಗಡೆ ಕೂತ ಚಾಲಕನಿಗೆ ಎಡಗಡೆಯ ಬಾಗಿಲ ಕೆಳಗಿನ ಜಾಗ ಕಾಣುವುದೇ ಇಲ್ಲ. ಆ ಕ್ಷಣದಲ್ಲಿ ಕಾರಿನ ಕನ್ನಡಿಯಲ್ಲಿ ದೀಪ ಬೆಳಗಿದ್ದರೂ ಆರಿದ್ದರೂ ಫಲ ಒಂದೇ. ಲಾರಿಯವನ ಮುಖ ಅವನ ಕನ್ನಡಿಯಲ್ಲಿ ಕಾಣದಿದ್ದರೆ ಅವನಿಗೂ ಹಿಂದಿನವರು ಕಾಣುತ್ತಿಲ್ಲ ಎಂಬ ಹಳೆಯ ತಿಳಿವಳಿಕೆಯೇ ಅಲ್ಲಿ ಕಾಯುವುದು.

ಕಾಡಿನ ಪ್ರಾಣಿಗಳ ವಿಚಾರವೂ ಹೀಗೆಯೇ. 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಸತ್ಯಮಂಗಲದ ಕಾಡನ್ನು ಈ ರಸ್ತೆ ಸೀಳಿಕೊಂಡು ಹೋಗುತ್ತದೆ. ಹಾಸನೂರಿನ ಬಳಿಯ ಕಾರಪಳ್ಳ ತಪಾಸಣಾ ಠಾಣೆಯ ಸುತ್ತಮುತ್ತ ಆನೆಗಳು ಕಬ್ಬಿನ ಲಾರಿಗೆ ಕಾದು ನಿಲ್ಲುವುದನ್ನು ಈ ಭಾಗದವರೆಲ್ಲ ಬಲ್ಲರು. ಓಡುವ ವಾಹನವನ್ನು ಗುರುತಿಸಲು ಮಾಡಿದ ರಾಡಾರು, ರಸ್ತೆಯಂಚಿನಲ್ಲಿ ಕದಲದೆ ನಿಂತ ಆನೆಯನ್ನು ಮರದಂತೆಯೇ ಲೆಕ್ಕದಿಂದ ಬಿಟ್ಟುಬಿಡಬಹುದು.

ಈ ಮಿತಿಗಳು ಗುಟ್ಟೇನಲ್ಲ. ಕಾರಿನ ಜೊತೆ ಬರುವ ಕೈಪಿಡಿಯಲ್ಲಿ ತಯಾರಕರೇ ಇವನ್ನು ಬರೆದಿರುತ್ತಾರೆ. ಆದರೆ ಅದು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಪ್ಲಾಸ್ಟಿಕ್ ಚೀಲ ಬಿಚ್ಚದೆ ಮಲಗಿರುತ್ತದೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತಮಿಳು, ಕೈಪಿಡಿಯಲ್ಲಿ ಇಂಗ್ಲಿಷ್ ಎಂಬ ಗಡಿಸೀಮೆಯ ಸ್ಥಿತಿಯಲ್ಲಿ, ಮಾರುವವರು ಹೊಗಳಿದ ಅನುಕೂಲ ಮಾತ್ರ ಕಿವಿಗೆ ತಲುಪುತ್ತದೆ, ಅಚ್ಚಾದ ಎಚ್ಚರಿಕೆ ತಲುಪುವುದಿಲ್ಲ. ಮನೆಯಲ್ಲಿ ಓದಬಲ್ಲ ಮಕ್ಕಳಿದ್ದರೆ, ಆ ಒಂದೆರಡು ಪುಟಗಳನ್ನು ಹಿರಿಯರಿಗೆ ಕನ್ನಡದಲ್ಲಿ ಓದಿ ಹೇಳುವುದು ಸಣ್ಣ ಸೇವೆಯಲ್ಲ. ತಮ್ಮ ಕಾರಿನ ದೀಪ ಎಷ್ಟು ವೇಗದಲ್ಲಿ ಎಚ್ಚರಗೊಳ್ಳುತ್ತದೆ ಎಂಬ ಒಂದು ಸಂಖ್ಯೆ ತಿಳಿದರೂ ಸಾಕಷ್ಟು ತಿಳಿದಂತೆ.

ದೀಪವಿಲ್ಲದ ಕಾರಿಗೂ ಉಪಾಯವಿದೆ. ಅಮೆರಿಕದ ಎಂಜಿನಿಯರ್ ಜಾರ್ಜ್ ಪ್ಲಾಟ್ಜರ್ 1995ರಲ್ಲಿ ವಿವರಿಸಿದ ಕ್ರಮದಲ್ಲಿ ಕನ್ನಡಿಗಳನ್ನು ಹೊಂದಿಸಿದರೆ ಕಾಣದ ಜಾಗ ಬಹಳ ಕಿರಿದಾಗುತ್ತದೆ. ಈ ದೇಶದ ಕಾರಿನಲ್ಲಿ, ಚಾಲಕ ತಲೆಯನ್ನು ಬಲಗಡೆಯ ಗಾಜಿಗೆ ತಾಗಿಸಿ, ತನ್ನ ಕಾರಿನ ಪಕ್ಕ ಒಂದಿಷ್ಟೇ ಕಾಣುವಂತೆ ಬಲಗನ್ನಡಿಯನ್ನು ಹೊರಕ್ಕೆ ತಿರುಗಿಸಬೇಕು. ತಲೆಯನ್ನು ಕಾರಿನ ನಡುವಿಗೆ ತಂದು ಎಡಗನ್ನಡಿಯನ್ನೂ ಹಾಗೆಯೇ ಹೊಂದಿಸಬೇಕು. ಆಗ ಹಿಂದಿನಿಂದ ಬರುವ ವಾಹನ ಒಳಗಿನ ಕನ್ನಡಿಯಿಂದ ಮರೆಯಾಗುವ ಮುನ್ನವೇ ಪಕ್ಕದ ಕನ್ನಡಿಗೆ ಬರುತ್ತದೆ. ಇಷ್ಟಾದರೂ ತಿರುವಿನಾಚೆಯದನ್ನು ಯಾವ ಕನ್ನಡಿಯೂ ತೋರಿಸದು. ಅದಕ್ಕೆ ಘಟ್ಟದ ಕ್ರಮವೇ ಬೇಕು: ತಿರುವಿಗೆ ಮುನ್ನ ಹಾರನ್ನು, ಕಿರಿದಾದ ಕಡೆಯಲ್ಲಿ ಮೇಲೇರುವ ವಾಹನಕ್ಕೆ ಮೊದಲ ದಾರಿ, ಲಾರಿ ಪೂರ್ತಿ ಹೊರಳುವವರೆಗೆ ಹಿಂದೆಯೇ ನಿಲ್ಲುವ ತಾಳ್ಮೆ. ಏರುವವರಿಗೆ ದಾರಿ ಬಿಡಬೇಕೆಂಬುದು ಕಾನೂನಿನಲ್ಲಿಯೂ ಬರೆದಿರುವ ಮಾತು.

ಘಟ್ಟ ಇಳಿದವರೂ ಏರುವವರೂ ಬಣ್ಣಾರಿ ಅಮ್ಮನ ಗುಡಿಯ ಮುಂದೆ ಒಂದು ಗಳಿಗೆ ನಿಲ್ಲುವ ರೂಢಿಯಿದೆ. ಏರಲಿರುವವರು ಆ ಬಿಡುವಿನಲ್ಲಿಯೇ ಕಾರಿನ ಹಿಂದಕ್ಕೆ ಹೋಗಿ, ಬಂಪರಿನ ಎರಡೂ ಮೂಲೆಗಳನ್ನು ಒದ್ದೆ ಬಟ್ಟೆಯಿಂದ ಒರಸಿ, ಕನ್ನಡಿಗಳನ್ನು ಮತ್ತೊಮ್ಮೆ ಸರಿಪಡಿಸಿಕೊಂಡು ಹೊರಡುವುದು ಒಳ್ಳೆಯದು.