ಎರಡು ದಿನ ಸಾಕು, ವಿಜಾಪುರ ನೋಡಿ ಬನ್ನಿ



ಶನಿವಾರ, ಭಾನುವಾರ ರಜೆ ಬಂತೆಂದರೆ ನೀವು ಲೋಣಾವಳಕ್ಕೆ ಹೋಗುತ್ತೀರಿ. ಮೂರು ದಿನ ಸಿಕ್ಕರೆ ಮಹಾಬಳೇಶ್ವರ, ನಾಲ್ಕು ದಿನ ಸಿಕ್ಕರೆ ಗೋವಾ. ಊರಿಗೆ ಹೋಗೋಣವೆಂದು ಅಪ್ಪ ಅಮ್ಮ ಕರೆದರೆ ಮಾತ್ರ ಪರೀಕ್ಷೆ, ಪ್ರಾಜೆಕ್ಟ್, ಆಫೀಸು ಎಲ್ಲವೂ ನೆನಪಾಗುತ್ತವೆ. ನಾನು ನಿಮ್ಮನ್ನು ದೂರುವುದಿಲ್ಲ. ಊರಿಗೆ ಹೋಗುವುದೆಂದರೆ ನಿಮಗೆ ಮದುವೆ, ಮುಂಜಿ, ಗೃಹಪ್ರವೇಶ. ಅಲ್ಲಿ ಸಾಲಾಗಿ ಕುಳಿತ ನೆಂಟರು ಒಬ್ಬೊಬ್ಬರಾಗಿ ನಿಮ್ಮ ಕನ್ನಡವನ್ನು ಪರೀಕ್ಷಿಸುತ್ತಾರೆ. ಅದರ ಬದಲು, ನೆಂಟರೇ ಇಲ್ಲದ ಒಂದು ಕನ್ನಡದ ಊರಿಗೆ ಎರಡು ದಿನ ಹೋಗಿ ಬನ್ನಿ ಎಂದು ಹೇಳಲು ಈ ಲೇಖನ ಬರೆಯುತ್ತಿದ್ದೇನೆ. ಊರಿನ ಹೆಸರು ವಿಜಾಪುರ. 2014ರ ನವೆಂಬರ್ 1ರಿಂದ ಸರಕಾರಿ ದಾಖಲೆಗಳಲ್ಲಿ ಅದು ವಿಜಯಪುರ. ನಿಮ್ಮ ಇತಿಹಾಸ ಪುಸ್ತಕದಲ್ಲಿ ಬಿಜಾಪುರ.

ಹೋಗುವುದು ಕಷ್ಟವಲ್ಲ. ಮುಂಬಯಿಯಿಂದ ಪುಣೆ, ಸೊಲ್ಲಾಪುರದ ಮೇಲೆ ಹೊಸಪೇಟೆಗೆ ಹೋಗುವ ರಾತ್ರಿ ರೈಲಿದೆ. ಶುಕ್ರವಾರ ಆಫೀಸು ಮುಗಿಸಿ, ಊಟದ ಡಬ್ಬಿ ಕಟ್ಟಿಕೊಂಡು ಹತ್ತಿದರೆ ಬೆಳಿಗ್ಗೆ ವಿಜಾಪುರ. ಪುಣೆಯ ಮಿತ್ರರಿಗೂ ಇದೇ ರೈಲು. ಹಿಂದೆ ಸೊಲ್ಲಾಪುರದಿಂದ ಮುಂದಕ್ಕೆ ಮೀಟರ್‌ಗೇಜ್ ಹಳಿ ಇತ್ತು. ಅಲ್ಲಿ ಇಳಿದು, ಗಂಟುಮೂಟೆ ಹೊತ್ತು, ಚಿಕ್ಕ ಗಾಡಿ ಹತ್ತಬೇಕಾಗಿತ್ತು. ಈಗ ಆ ತೊಂದರೆಯಿಲ್ಲ. ಸಾಧ್ಯವಾದರೆ ಬೆಳಗಾಗುತ್ತಲೇ ಎದ್ದು ಕಿಟಕಿಯ ಬಳಿ ಕುಳಿತುಕೊಳ್ಳಿ. ಹೋಟಗಿ ದಾಟಿದ ಮೇಲೆ ರೈಲು ದಕ್ಷಿಣಕ್ಕೆ ತಿರುಗುತ್ತದೆ, ಭೀಮಾ ನದಿಯ ಸೇತುವೆ ಬರುತ್ತದೆ. ಆಚೆ ದಂಡೆ ಕರ್ನಾಟಕ. ಆದರೆ ಈಚೆ ದಂಡೆಯಲ್ಲೂ, ಸೊಲ್ಲಾಪುರ, ಅಕ್ಕಲಕೋಟೆಯ ಹಳ್ಳಿಗಳಲ್ಲೂ ಕನ್ನಡವೇ ಕೇಳಿಸುತ್ತದೆ. 1956ರ ನವೆಂಬರ್ 1ರವರೆಗೆ ವಿಜಾಪುರ ಜಿಲ್ಲೆಯೂ ಮುಂಬಯಿ ರಾಜ್ಯದಲ್ಲೇ ಇತ್ತು. ಮುಂಬಯಿಯವರಾದ ನಿಮಗೆ ಅದು ಅಷ್ಟೇನೂ ಪರಸ್ಥಳವಲ್ಲ.

ಇನ್ನು ನನ್ನ ಕತೆ. ನಮ್ಮದು ಶಿವಮೊಗ್ಗದ ಕಡೆಯ ಊರು. ಮಗಳು ಹುಟ್ಟಿದ್ದು, ಬೆಳೆದದ್ದು ಡೊಂಬಿವಲಿಯಲ್ಲಿ. ಹದಿನೈದನೆಯ ವಯಸ್ಸಿನಲ್ಲಿ ಒಂದು ಮದುವೆಯ ಮನೆಯಲ್ಲಿ ಅವಳು ಹಿರಿಯರೊಬ್ಬರಿಗೆ ಬಲು ಪ್ರೀತಿಯಿಂದ "ತಾತ, ನೀನು ಊಟ ಮಾಡಿದೆಯಾ?" ಎಂದಳು. ಪಂಕ್ತಿಯಲ್ಲಿದ್ದವರೆಲ್ಲ ನಕ್ಕರು. ಆ ಹಿರಿಯರೂ ನಕ್ಕರು. ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ. ಆದರೆ ಅಂದಿನಿಂದ ನಾಲ್ಕು ವರ್ಷ ಅವಳು ಕನ್ನಡದಲ್ಲಿ ಬಾಯಿ ಬಿಡಲಿಲ್ಲ. ನಾನು ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ. ಅಜ್ಜಿಯ ಫೋನು ಬಂದರೆ "ಹೂಂ, ಹೂಂ" ಅಷ್ಟೇ. ಹಿಂದಿನ ಡಿಸೆಂಬರಿನಲ್ಲಿ ಅವಳನ್ನು ವಿಜಾಪುರಕ್ಕೆ ಹೊರಡಿಸಿದಾಗ ನನ್ನ ಮನಸ್ಸಿನಲ್ಲಿ ಭಾಷೆಯ ವಿಚಾರವಿರಲಿಲ್ಲ. ಅವಳು ವಾಸ್ತುಶಿಲ್ಪ ಓದುತ್ತಿದ್ದಾಳೆ, ಗುಮ್ಮಟ ನೋಡಲಿ ಎಂಬುದಷ್ಟೇ ಇತ್ತು.

ಮೊದಲ ದಿನ ನಾನೊಂದು ತಪ್ಪು ಮಾಡಿದೆ, ಅದನ್ನು ನೀವು ಮಾಡಬೇಡಿ. ಕೋಣೆಯಲ್ಲಿ ಚೀಲ ಇಟ್ಟು, ಸ್ನಾನ ಮುಗಿಸಿ, ಶನಿವಾರ ಹನ್ನೊಂದು ಗಂಟೆಗೆ ನೇರವಾಗಿ ಗೋಲಗುಮ್ಮಟಕ್ಕೆ ಹೋದೆವು. ಆ ಹೊತ್ತಿಗೆ ನಾಲ್ಕು ಶಾಲೆಗಳ ಮಕ್ಕಳು ಮೇಲೆ ಏರಿದ್ದರು. ಪ್ರತಿಯೊಬ್ಬರೂ ಕೂಗುತ್ತಿದ್ದರು, ಪ್ರತಿ ಕೂಗೂ ಹಲವು ಸಲ ಮರಳಿ ಬರುತ್ತಿತ್ತು. ಹತ್ತು ನಿಮಿಷದಲ್ಲಿ ಕಿವಿ ಮುಚ್ಚಿಕೊಂಡು ಕೆಳಗಿಳಿದೆವು. ಗೋಲಗುಮ್ಮಟವನ್ನು ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ನೋಡಬೇಕು. ಶನಿವಾರದ ಹಗಲನ್ನು ಉಳಿದ ಜಾಗಗಳಿಗೆ ಇಟ್ಟುಕೊಳ್ಳಿ.

ನಮಗೆ ಸಿಕ್ಕಿದ ಆಟೋ ಚಾಲಕರು ನಡುವಯಸ್ಸಿನವರು. ನನ್ನೊಡನೆ ಕನ್ನಡ, ಮನೆಯಿಂದ ಫೋನು ಬಂದಾಗ ದಖನಿ ಉರ್ದು, ದಾರಿಯಲ್ಲಿ ವಿಳಾಸ ಕೇಳಿದ ಸೊಲ್ಲಾಪುರದ ಪ್ರವಾಸಿಗಳೊಡನೆ ಮರಾಠಿ. "ನಿಮ್ಮ ಭಾಷೆ ಯಾವುದು?" ಎಂದು ಕೇಳಿದೆ. "ಎದುರಿಗಿದ್ದವ್ರದು ಯಾವ್ದೋ ಅದ ನಮ್ದ್ರಿ ಅಕ್ಕಾರ" ಎಂದರು. ಮಗಳು ಹಿಂದಿನ ಸೀಟಿನಲ್ಲಿ ಕೇಳಿಸಿಕೊಳ್ಳುತ್ತಿದ್ದಳು.

ಮೊದಲು ಇಬ್ರಾಹಿಂ ರೋಜಾಕ್ಕೆ ಹೋಗಿ. ಒಂದೇ ಜಗತಿಯ ಮೇಲೆ ಎದುರು ಬದುರಾಗಿ ಒಂದು ಗೋರಿ, ಒಂದು ಮಸೀದಿ. 1626ರಲ್ಲಿ ಮುಗಿದ ಕಟ್ಟಡ. ಗೋಲಗುಮ್ಮಟ ದೊಡ್ಡದು, ಆದರೆ ಇದು ಚೆಲುವಾದುದು. ಗೋಡೆಗಳ ಮೇಲೆ ಅಕ್ಷರಗಳನ್ನೇ ಬಳ್ಳಿಯಂತೆ ಕೆತ್ತಿದ್ದಾರೆ. ಮಸೀದಿಯ ಸೂರಿನಂಚಿನಲ್ಲಿ ಕಲ್ಲಿನ ಸರಪಳಿಯನ್ನು ಹುಡುಕಿ ನೋಡಿ.

ಇಲ್ಲಿ ಮಲಗಿರುವವನು ಎರಡನೆಯ ಇಬ್ರಾಹಿಂ ಆದಿಲ್‌ಶಾಹ. 1580ರಿಂದ 1627ರವರೆಗೆ ಆಳಿದವನು. ಸಂಗೀತದ ಹುಚ್ಚಿನವನು. ಕಿತಾಬ್-ಎ-ನೌರಸ್ ಎಂಬ ಹಾಡುಗಳ ಪುಸ್ತಕವನ್ನು ದಖನಿಯಲ್ಲಿ ಬರೆದ. ಅದರಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ಸ್ತುತಿಸಿದ್ದಾನೆ. ಜನ ಅವನನ್ನು ಜಗದ್ಗುರು ಎಂದು ಕರೆದರು. ದಖನಿ ಎಂದರೆ ಯಾವ ಭಾಷೆ ಗೊತ್ತೇ? ಉತ್ತರದಿಂದ ಬಂದ ಮಾತು ಮರಾಠಿ, ಕನ್ನಡ, ತೆಲುಗರ ನಡುವೆ ಬಾಳಿ ಬದಲಾದದ್ದು. ಅಂಥ ಬೆರಕೆ ಮಾತಿನಲ್ಲೇ ಸುಲ್ತಾನ ಹಾಡು ಕಟ್ಟಿದ. ಹಾಗೆಯೇ ಕನ್ನಡವೂ ಸುಮ್ಮನೆ ಕೂರಲಿಲ್ಲ. ಕಮಾನು, ಗುಮ್ಮಟ, ಬುರುಜು, ಕಾಗದ, ಅರ್ಜಿ, ರಸೀದಿ, ವಕೀಲ, ಜಮೀನು ಇವೆಲ್ಲ ಪಾರಸಿ, ಅರಬ್ಬಿಯಿಂದ ಬಂದು ನಮ್ಮಲ್ಲಿ ನೆಲೆಸಿದ ಮಾತುಗಳು. ನಿಮ್ಮ ಕನ್ನಡದಲ್ಲಿ ಹಿಂದಿ ಮರಾಠಿ ಬೆರೆತಿದೆ ಎಂದು ಯಾರಾದರೂ ಮೂಗು ಮುರಿದರೆ ಈ ಪಟ್ಟಿ ಒಪ್ಪಿಸಿಬಿಡಿ.

ಅಲ್ಲಿಂದ ತಾಜ್ ಬಾವಡಿ ದೂರವಿಲ್ಲ. ಇಬ್ರಾಹಿಮನ ಕಾಲದಲ್ಲೇ, 1620ರಲ್ಲಿ, ಮಲಿಕ್ ಸಂದಲ್ ಎಂಬವನು ರಾಣಿ ತಾಜ್ ಸುಲ್ತಾನಾಳ ಹೆಸರಿನಲ್ಲಿ ಕಟ್ಟಿಸಿದ ದೊಡ್ಡ ಚೌಕ ಬಾವಿ. ಎದುರಿಗೆ ಎತ್ತರದ ಕಮಾನು, ಒಳಗೆ ನೀರಿಗಿಳಿಯುವ ಮೆಟ್ಟಿಲು. ಮಳೆ ಕಡಿಮೆಯಿರುವ ಈ ಸೀಮೆಯಲ್ಲಿ ಒಂದು ರಾಜಧಾನಿಗೆ ನೀರುಣಿಸುವುದು ಹುಡುಗಾಟವಲ್ಲ. ತೊರವಿಯ ಕಡೆಯಿಂದ ನೆಲದೊಳಗಿನ ಸುರಂಗಗಳಲ್ಲಿ ನೀರು ತಂದರು. ಕೊಳವೆಯಲ್ಲಿ ನೀರಿನ ಒತ್ತಡ ಹೆಚ್ಚಾಗದಂತೆ ಅಲ್ಲಲ್ಲಿ ಗಂಜ್ ಎಂಬ ಗೋಪುರಗಳನ್ನು ಕಟ್ಟಿದರು. ಕೆಲವು ಇಂದಿಗೂ ಊರಿನ ನಡುವೆ ನಿಂತಿವೆ. ಕಸದಿಂದ ತುಂಬಿದ್ದ ತಾಜ್ ಬಾವಡಿಯ ಹೂಳನ್ನು ಕಳೆದ ದಶಕದಲ್ಲಿ ತೆಗೆಸಿದರು.

ಮಲಿಕ್-ಎ-ಮೈದಾನ್ ತೋಪನ್ನು ನೋಡಲು ಅರ್ಧ ಗಂಟೆ ಸಾಕು. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದದ್ದು. ತೂಕ ಸುಮಾರು 55 ಟನ್. ಬಾಯಿಯ ಕಡೆ ಸಿಂಹದ ಮುಖ, ಅದರ ದವಡೆಯಲ್ಲಿ ಸಿಕ್ಕಿದ ಆನೆ. 1854ರಲ್ಲಿ ಬ್ರಿಟಿಷ್ ಅಧಿಕಾರಿಗಳು ಇದನ್ನು ಹರಾಜಿಗಿಟ್ಟಾಗ ಬಂದ ಅತಿ ಹೆಚ್ಚಿನ ಬೆಲೆ 150 ರೂಪಾಯಿ! ಅಷ್ಟು ಕಡಿಮೆಗೆ ಕೊಡುವುದು ಬೇಡವೆಂದು ಮಾರಾಟ ನಿಂತಿತು, ತೋಪು ಉಳಿಯಿತು.

ಮಧ್ಯಾಹ್ನದ ಊಟಕ್ಕೆ ಹೋಟೆಲು ಬೇಡ, ಖಾನಾವಳಿಗೆ ಹೋಗಿ. ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಬಡಿಸುವ ಹುಡುಗ "ಉಳ್ಳಾಗಡ್ಡಿ ಹಾಕ್ಲೇನ್ರಿ?" ಎಂದ. ಮಗಳು ನನ್ನ ಮುಖ ನೋಡಿದಳು. ನಾನೂ ತಡವರಿಸಿದೆ. ಅವನ ಕೈಯಲ್ಲಿದ್ದದ್ದು ಈರುಳ್ಳಿ! ಮಗಳಿಗೆ ವ್ಯಾಕರಣ ಹೇಳುವ ಅಮ್ಮನಿಗೂ ಒಂದು ಕನ್ನಡ ಪದ ಗೊತ್ತಿಲ್ಲವೆಂದು ಅವಳಿಗೆ ಎಷ್ಟು ಸಂತೋಷವಾಯಿತೆಂದರೆ, ಸಂಜೆಯವರೆಗೂ "ಉಳ್ಳಾಗಡ್ಡಿ" ಎಂದು ಹೇಳಿಕೊಂಡು ನಗುತ್ತಿದ್ದಳು.

ಭಾನುವಾರ ಬೆಳಿಗ್ಗೆ ಗೋಲಗುಮ್ಮಟದ ಬಾಗಿಲು ತೆರೆಯುವಾಗಲೇ ನಾವು ಅಲ್ಲಿದ್ದೆವು. ಮಹಮ್ಮದ್ ಆದಿಲ್‌ಶಾಹ 1627ರಲ್ಲಿ ಪಟ್ಟಕ್ಕೆ ಬಂದವನು, ತನ್ನ ಗೋರಿಗೆಂದು ಇದನ್ನು ಕಟ್ಟಿಸಿದ. 1656ರಲ್ಲಿ ಅವನು ತೀರಿಕೊಂಡಾಗಲೂ ಗೋಡೆಗಳ ಅಲಂಕಾರ ಮುಗಿದಿರಲಿಲ್ಲ. ಒಳಗೆ ನಿಂತು ತಲೆಯೆತ್ತಿ ನೋಡಿ. ಗುಮ್ಮಟದ ಒಳಗಿನ ವ್ಯಾಸ ಸುಮಾರು 38 ಮೀಟರ್, ನಡುವೆ ಒಂದೇ ಒಂದು ಕಂಬವಿಲ್ಲ. ಹಾಗಾದರೆ ಭಾರ ಹೊತ್ತವರು ಯಾರು? ಎಂಟು ಕಮಾನುಗಳು ಒಂದನ್ನೊಂದು ಹಾದುಹೋಗುವಂತೆ ಕಟ್ಟಿ, ಚೌಕದ ಗೋಡೆಯಿಂದ ದುಂಡು ಗುಮ್ಮಟಕ್ಕೆ ದಾರಿ ಮಾಡಿದ್ದಾರೆ. ಮಗಳು ನೆಲದ ಮೇಲೆ ಕುಳಿತು ಅದರ ಚಿತ್ರ ಬರೆಯತೊಡಗಿದಳು.

ಮೇಲೆ ಹೋಗಲು ಮೂಲೆಯ ಗೋಪುರಗಳಲ್ಲಿ ಏಳು ಅಂತಸ್ತಿನ ಇಕ್ಕಟ್ಟಾದ ಮೆಟ್ಟಿಲು. ಮೂರನೆಯ ಅಂತಸ್ತಿನಲ್ಲಿ ಸಿಂದಗಿ ಕಡೆಯ ಹಳ್ಳಿಯಿಂದ ಬಂದ ಅಜ್ಜಿಯೊಬ್ಬರು ಕುಳಿತು ಸುಧಾರಿಸಿಕೊಳ್ಳುತ್ತಿದ್ದರು. ಮೊಮ್ಮಕ್ಕಳು ಮುಂದೆ ಓಡಿಹೋಗಿದ್ದರು. ಮಗಳನ್ನು ಕಂಡು, "ಯವ್ವಾ, ಸ್ವಲ್ಪ ಕೈ ಹಿಡೀತಿ? ಇನ್ನ ಬಾಳ ಐತೇನ?" ಎಂದರು.

ಮಗಳು ಕೈ ಚಾಚಿದಳು. ಮತ್ತೆ ಕನ್ನಡದಲ್ಲಿ, "ಇಲ್ಲ ಅಜ್ಜಿ, ನೀನು ನಿಧಾನ ಬಾ. ನಾನು ಹಿಡಿದಿದೆ" ಎಂದಳು.

ನಾಲ್ಕು ವರ್ಷದ ಮೇಲೆ ಕೇಳಿದ ಮಾತು. ನಾನು ಸುಮ್ಮನಿರಬೇಕಾಗಿತ್ತು. ಅಭ್ಯಾಸಬಲದಿಂದ, "ನೀನು ಅಲ್ಲ ಪುಟ್ಟಿ, ನೀವು ಅನ್ನಬೇಕು" ಎಂದುಬಿಟ್ಟೆ. ಅವಳ ಮುಖ ಮತ್ತೆ ಮುಚ್ಚಿಕೊಂಡಿತು.

ಅಜ್ಜಿ ನನ್ನ ಕಡೆ ತಿರುಗಿದರು. "ಇರಲಿ ಬಿಡ್ರಿ ಬಾಯಾರ. ಮನೀ ಮಕ್ಕಳು ನೀ ಅಂತಾವ. ನೀವು ಅಂದ್ರ ಬೀಗರು ಬಂದಂಗ ಆಗ್ತೈತಿ."

ಮದುವೆಮನೆಯಲ್ಲಿ ನಕ್ಕವರ ಮೇಲೆ ನಾನು ನಾಲ್ಕು ವರ್ಷ ತಪ್ಪು ಹೊರಿಸಿದ್ದೆ. ಅವರು ನಕ್ಕದ್ದು ಒಂದು ದಿನ. ದಿನವೂ ತಿದ್ದಿದವಳು ನಾನು. ಇದನ್ನು ಓದುವ ತಂದೆತಾಯಿಯರಿದ್ದರೆ ಈ ಒಂದು ಸಾಲು ಅವರಿಗಾಗಿ.

ಮೇಲೆ, ಗುಮ್ಮಟದ ಬುಡದಲ್ಲಿ ಸುತ್ತಲೂ ಇರುವುದೇ ಪಿಸುಗುಟ್ಟುವ ಗ್ಯಾಲರಿ. ಗೋಡೆಗೆ ಮುಖವಿಟ್ಟು ಮೆಲ್ಲಗೆ ಆಡಿದ ಮಾತು, ದುಂಡು ಗೋಡೆಯನ್ನೇ ಹಿಡಿದು ಸಾಗಿ, ಎದುರಿನ ಕಡೆ ಕಿವಿಯಿಟ್ಟವರಿಗೆ ಮುಟ್ಟುತ್ತದೆ. ಇನ್ನೂ ಗದ್ದಲವಿರಲಿಲ್ಲ. ಅಜ್ಜಿಯನ್ನು ಈ ಕಡೆ ಕೂರಿಸಿ ಮಗಳು ಆಚೆಗೆ ಹೋದಳು. ಅವಳು ಗೋಡೆಗೆ ಬಾಗಿದ್ದು ಕಂಡಿತು. ನಾನೂ ಕಿವಿಯಿಟ್ಟೆ. "ಅಜ್ಜಿ, ಕೇಳಿಸ್ತಾ? ಕೆಳಗೆ ಹೋಗಿ ಚಹಾ ಕುಡಿಯೋಣಾ?" ಪಕ್ಕದಲ್ಲೇ ಕುಳಿತು ಕೇಳಿದಂತಿತ್ತು. ಪಿಸುಗುಟ್ಟಬೇಕೆಂಬುದನ್ನು ಮರೆತು ಅಜ್ಜಿ "ಹೂಂ!" ಎಂದು ಕೂಗಿದರು. ಇಡೀ ಗುಮ್ಮಟ ಮತ್ತೆ ಮತ್ತೆ ಹೂಂಗುಟ್ಟಿತು. ಏಳು ಸಲ ಎನ್ನುವವರುಂಟು, ಹತ್ತು ಸಲ ಎನ್ನುವವರೂ ಉಂಟು. ನಗುವಿನಲ್ಲಿ ನಾವು ಎಣಿಸಲಿಲ್ಲ.

ಸಂಜೆ ರೈಲು ಹತ್ತಿದೆವು, ಸೋಮವಾರ ಬೆಳಿಗ್ಗೆ ಮನೆ. ಮಗಳು ಈಗ ಪಂಡಿತೆಯಾಗಿದ್ದಾಳೆ ಎಂದುಕೊಳ್ಳಬೇಡಿ. ಲಿಂಗ, ವಚನ ಇಂದಿಗೂ ಎಲ್ಲೆಂದರಲ್ಲಿ ಬೀಳುತ್ತವೆ. ಆದರೆ ಊರಿನ ಅಜ್ಜಿಗೆ ಅವಳೇ ಫೋನು ಮಾಡುತ್ತಾಳೆ, "ಅಜ್ಜಿ, ಉಳ್ಳಾಗಡ್ಡಿ ಅಂದರೆ ಗೊತ್ತಾ ನಿನಗೆ?" ಎಂದು ಪ್ರಶ್ನೆ ಹಾಕುತ್ತಾಳೆ. ನಾನು ಅಡುಗೆಮನೆಯಲ್ಲಿ ತುಟಿ ಬಿಗಿದುಕೊಂಡು ಸುಮ್ಮನಿರುತ್ತೇನೆ.

ಹೊರಡುವವರಿಗೆ ಒಂದೆರಡು ಮಾತು. ನವೆಂಬರಿನಿಂದ ಫೆಬ್ರುವರಿಯವರೆಗೆ ಒಳ್ಳೆಯ ಕಾಲ. ಬೇಸಿಗೆಯ ಬಿಸಿಲಿನಲ್ಲಿ ಕಲ್ಲು ಸುಡುತ್ತದೆ. ರೈಲಿನ ವೇಳೆಯನ್ನು ಹೊರಡುವ ಮೊದಲು ನೋಡಿಕೊಳ್ಳಿ, ಹೋಗಿ ಬರುವ ಟಿಕೆಟನ್ನು ಒಟ್ಟಿಗೆ ತೆಗೆಸಿ. ನೀರಿನ ಬಾಟಲಿ, ಟೋಪಿ ಮರೆಯಬೇಡಿ. ಸಮಯ ಉಳಿದರೆ, ಕಟ್ಟಿ ಮುಗಿಯದೆ ನಿಂತ ಬಾರಾ ಕಮಾನನ್ನು ಸಂಜೆಯ ಬೆಳಕಿನಲ್ಲಿ ನೋಡಿ.

ಕೊನೆಯದಾಗಿ, ನಿಲ್ದಾಣದಿಂದ ಹೊರಬಂದ ಕೂಡಲೇ ಹಿಂದಿಯಲ್ಲಿ ಆರಂಭಿಸಬೇಡಿ. ಅಲ್ಲಿಯವರು ಹಿಂದಿಯಲ್ಲೂ ಉತ್ತರ ಕೊಡುತ್ತಾರೆ, ಆಗ ನಿಮಗೆ ಸಿಗಬೇಕಾದದ್ದು ತಪ್ಪಿಹೋಗುತ್ತದೆ. ನಿಮಗೆ ಬರುವ ಕನ್ನಡದಲ್ಲೇ ಕೇಳಿ: "ಗೋಲಗುಮ್ಮಟಕ್ಕೆ ಹೇಗೆ ಹೋಗಬೇಕು?" "ಬರ್ರಿ, ಕುಂದ್ರಿ" ಎನ್ನುತ್ತಾರೆ. ಅಲ್ಲಿಂದ ಮುಂದೆ ಮಾತು ತಾನಾಗಿಯೇ ಸಾಗುತ್ತದೆ.